ಒಡೆಯದ ತಟ್ಟೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾಂಧಿನಗರದ ಸಿನಿಮಾಗಳಲ್ಲಿ ಟ್ರಾಲಿ ತಳ್ಳಲು ಸೇರಿದವನು ನಾನು. ಕ್ಯಾಮೆರಾ ಕೂರಿಸಿದ ಗಾಡಿಯನ್ನು ಹಳಿಯ ಮೇಲೆ ಅಲುಗಾಡದಂತೆ ತಳ್ಳುವುದೇ ನನ್ನ ವಿದ್ಯೆ. ಐರ್ಲೆಂಡಿಗೆ ಬಂದ ಮೇಲೂ ಅದರಲ್ಲೇ ಮನೆ ನಡೆಸಿದ್ದೇನೆ. ಹೇಳಿಕೊಳ್ಳಲು ಸಂಕೋಚವಿಲ್ಲ.

ನಮ್ಮ ಕ್ಯಾಮೆರಾ ಮೇಡಂ ರಷ್ಯಾದವರು. ತಮ್ಮ ದೇಶದಲ್ಲಿ ದೊಡ್ಡ ದೊಡ್ಡ ಚಿತ್ರ ಮಾಡಿದವರು, ಇಲ್ಲಿ ಮದುವೆ, ಸೋಫಾ ಜಾಹೀರಾತು ತೆಗೆಯುತ್ತ ವರ್ಷಗಳನ್ನು ಕಳೆದಿದ್ದರು. ಕೊನೆಗೂ ಕಾರ್ಕ್ ನಗರದ ಹತ್ತಿರದ ಬಂದರಿನಲ್ಲಿ ತೆಗೆಯುವ ಒಂದು ಸಿನಿಮಾ ಸಿಕ್ಕಿತು. ಆದರೆ ನಿರ್ಮಾಪಕರಿಗೆ ಅನುಮಾನ. ಮೊದಲ ದಿನದ ಶಾಟ್ ಹಿಡಿಸದಿದ್ದರೆ ಡಬ್ಲಿನ್‌ನಿಂದ ಬೇರೆ ಕ್ಯಾಮೆರಾಮನ್ ಬರುತ್ತಾನೆಂದು ಮುಖಕ್ಕೇ ಹೇಳಿದ್ದರು.

ಮೊದಲ ಶಾಟ್‌ಗೆ ಮುಂಚೆ ಪಿಂಗಾಣಿ ತಟ್ಟೆಯನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಬಡಿದು ಒಡೆದು, ಎಲ್ಲರೂ ಒಂದೊಂದು ಚೂರು ಇಟ್ಟುಕೊಳ್ಳುವುದು ರಷ್ಯಾದವರ ಪದ್ಧತಿ. ಮೇಡಂ ಬಡಿದರು. ತಟ್ಟೆ ಎಗರಿ ಉರುಳಿಕೊಂಡು ಹೋಯಿತು. ಮತ್ತೆ ಬಡಿದರೂ ಬಿರುಕಿಲ್ಲ. ಯಾರಿಗೂ ಗಾಯವಾಗಬಾರದೆಂದು ಆಫೀಸಿನ ಐರಿಷ್ ಹುಡುಗಿ ಹುಡುಕಿ ಹುಡುಕಿ ಒಡೆಯದ ಪ್ಲಾಸ್ಟಿಕ್ ತಟ್ಟೆ ತಂದಿದ್ದಳು. ಸೇಫ್ಟಿಗೆ ಇದೇ ಸರಿ ಅಂದುಕೊಂಡಳಂತೆ. ಎಲ್ಲರೂ ನಕ್ಕರು. ಮೇಡಂ ಮುಖ ಮಾತ್ರ ಬಿಳಿಚಿಕೊಂಡಿತು. ತಟ್ಟೆ ಒಡೆಯದಿದ್ದರೆ ಚಿತ್ರ ಕೈಹತ್ತುವುದಿಲ್ಲ ಎಂಬ ನಂಬಿಕೆ ಅವರದು.

ಬೆಳಿಗ್ಗೆ ಊಟದ ಚೀಲ ಕೊಡುವಾಗ ನನ್ನ ಹೆಂಡತಿ, "ರೀ, ಕಾಯಿ ಇಟ್ಟಿದೀನಿ. ಮುಹೂರ್ತ ಮಾಡ್ದೆ ಟ್ರಾಲಿ ಮುಟ್ಟಬೇಡಿ" ಅಂದಿದ್ದಳು. ಅದನ್ನು ತೆಗೆದು ಮೇಡಂ ಕೈಗಿಟ್ಟೆ.

"ನಮ್ಮ ಕಡೆ ಒಡೆಯೋದು ಇದನ್ನ, ಮೇಡಂ. ಜೋರಾಗಿ ಹಾಕಿ."

ಬಂದರಿನ ಕಲ್ಲಿಗೆ ಒಂದೇ ಏಟು. ಕಾಯಿ ಎರಡು ಹೋಳಾಗಿ, ನೀರು ನಿರ್ಮಾಪಕರ ಶೂ ಮೇಲೆ ಚಿಮ್ಮಿತು. ಚೂರು ಮಾಡಿ ಎಲ್ಲರಿಗೂ ಹಂಚಿದೆ. ಇದನ್ನು ಇಟ್ಟುಕೊಳ್ಳಬೇಕೋ ತಿನ್ನಬೇಕೋ ಎಂದು ಮೇಡಂ ಕೇಳಿದರು. ತಿನ್ನಿ ಎಂದೆ. ಅಗಿಯುತ್ತಲೇ ಕ್ಯಾಮೆರಾಕ್ಕೆ ಕಣ್ಣಿಟ್ಟರು.

ನಾಯಕಿ ಗಾಳಿಗೆ ಎದುರಾಗಿ ಬಂದರಿನ ಉದ್ದಕ್ಕೂ ನಡೆಯಬೇಕು, ಕ್ಯಾಮೆರಾ ಪಕ್ಕದಲ್ಲೇ ಸಾಗಬೇಕು. ಮೋಡ ಸರಿಯಲಿ ಎಂದು ಮೇಡಂ ಕಾದರು. ನಿರ್ಮಾಪಕರು ಗಡಿಯಾರ ನೋಡುತ್ತಲೇ ಇದ್ದರು. ಒಮ್ಮೆಲೇ ಬೆಳಕು ನೀರಿನ ಮೇಲೆ ಬಿತ್ತು, ಮೇಡಂ ಬೆರಳೆತ್ತಿದರು, ನಾನು ತಳ್ಳಿದೆ. ನಾಯಕಿಯ ಹೆಜ್ಜೆಯೂ ನನ್ನ ಹೆಜ್ಜೆಯೂ ಕೊನೆಯವರೆಗೆ ಒಂದೇ ಆಗಿದ್ದವು.

ನಿರ್ಮಾಪಕರು ಮಾನಿಟರ್ ಮುಂದೆ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಆಮೇಲೆ ಡಬ್ಲಿನ್‌ಗೆ ಫೋನ್ ಮಾಡಿ, ಬರಬೇಕಾಗಿಲ್ಲ ಎಂದರು. ಮೇಡಂ ನನ್ನ ಬೆನ್ನಿಗೆ ಗುದ್ದಿದ ಗುದ್ದು ಸಂಜೆಯವರೆಗೂ ನೋಯುತ್ತಿತ್ತು.

ಚಿತ್ರ ಬಿಡುಗಡೆಯಾದಾಗ ಕಾರ್ಕ್‌ನ ಡಗ್ಲಸ್ ಬಡಾವಣೆಯ ಥಿಯೇಟರಿನಲ್ಲಿ ಮೇಡಂ ಹೆಸರು ಪರದೆ ತುಂಬ ಬಂತು. ಜನ ಎದ್ದು ಹೊರಟ ಮೇಲೆ ಸಣ್ಣ ಅಕ್ಷರದಲ್ಲಿ ನನ್ನದೂ ಬಂತು. ಅಲ್ಲಿಯವರೆಗೆ ನನ್ನ ಹೆಂಡತಿ ನಮ್ಮ ಸಾಲಿನವರನ್ನು ಏಳಲು ಬಿಟ್ಟಿರಲಿಲ್ಲ.

ಈಗ ಮೇಡಂ ಕೈಯಲ್ಲಿ ಇನ್ನೂ ದೊಡ್ಡ ಚಿತ್ರವಿದೆ. ಮೊನ್ನೆ ಫೋನ್ ಮಾಡಿ ಮೊದಲು ನನ್ನ ಡೇಟ್ ಕೇಳಿದರು, ಆಮೇಲೆ ಕಾಯಿ.