ಮೊಮ್ಮಗಳ ಕೊರಳಿನ ಚೀಟಿ

ನನ್ನ ಮೊಮ್ಮಗಳ ಬುದ್ಧಿಯ ಮುಂದೆ ಓದಿದವರ ಬುದ್ಧಿಯನ್ನು ನಿವಾಳಿಸಿ ಒಗೆಯಬೇಕು. ನಾನು ಎರಡನೇ ತರಗತಿಗೇ ಸಾಲಿ ಬಿಟ್ಟವಳು. ಆದರೂ ಇದನ್ನು ಬರೆಯದೆ ಬಿಡಲಾರೆ, ಅಷ್ಟು ಸಂತೋಷ ನನಗೆ.

ತೊಂಬತ್ತರ ದಶಕದ ಮಾತು. ಮಸ್ಕಿಯಲ್ಲಿ ಮಗಳ ಮನೆಗೆ ಫೋನಿರಲಿಲ್ಲ. ಎದುರಿನ ಬಟ್ಟೆ ಅಂಗಡಿಗೆ ಫೋನ್ ಮಾಡಿದರೆ ಕೂಗಿ ಕರೆಯುತ್ತಿದ್ದರು. ಕೂಸು ಎಲ್ಲಾದರೂ ತಪ್ಪಿಸಿಕೊಂಡರೆ ಬೇಕಾದೀತೆಂದು ಅಳಿಯ ಆ ನಂಬರನ್ನು ಚೀಟಿಯಲ್ಲಿ ಬರೆದ. ಮಗಳು ಅದನ್ನು ಕರಿಬಟ್ಟೆಯಲ್ಲಿ ಮಡಚಿ ಹೊಲಿದು, ಐದು ವರ್ಷದ ಆ ಕೂಸಿನ ಕೊರಳಿಗೆ ಕರಿದಾರದಲ್ಲಿ ಕಟ್ಟಿದಳು. ನೋಡಿದವರಿಗೆ ಥೇಟ್ ತಾಯತ.

ಬಳೆ ಇಡಿಸೋಣವೆಂದು ಅವಳನ್ನು ಲಿಂಗಸುಗೂರಿಗೆ ಕರೆದೊಯ್ದಿದ್ದೆ. ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಕೈ ತಪ್ಪಿತು. ತಿರುಗಿ ನೋಡಿದರೆ ಕೂಸಿಲ್ಲ! ನಿಂತಿದ್ದ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ, ಹಣ್ಣಿನ ಬಂಡಿಗಳ ಸಂದಿಯಲ್ಲೆಲ್ಲ ಹುಡುಕಿದೆ. ಕೊನೆಗೆ ರಸ್ತೆಯಾಚೆಯ ಎಸ್.ಟಿ.ಡಿ. ಬೂತಿನಿಂದ ಅವಳ ದನಿ ಕೇಳಿತು.

“ಇದರಾಗ ನಮ್ಮಪ್ಪನ ಫೋನ್ ನಂಬರ್ ಐತಿ, ಬಿಚ್ರೀ!”

ಸ್ಟೂಲಿನ ಮೇಲೆ ಕೂತು, ಕೊರಳಿನ ಗಂಟು ಹಿಡಿದು ಒದರುತ್ತಿದ್ದಳು. ಮುಂದೆ ಬೂತಿನವನೂ ಕನ್ನಡಕದ ಮಾಸ್ತರನೊಬ್ಬನೂ ನಿಂತಿದ್ದರು.

“ಹಂಗನಬಾರದವ್ವ, ತಾಯತ ಬಿಚ್ಚಿದ್ರ ದೋಷ,” ಅಂದ ಬೂತಿನವನು.

ಮಾಸ್ತರ ದೂರದಿಂದಲೇ ಬಗ್ಗಿ ನೋಡಿ, “ಮಂತ್ರ ಹಾಕಿ ಕಟ್ಯಾರ. ಮುಟ್ಟಬ್ಯಾಡ,” ಎಂದು ಅಪ್ಪಣೆ ಕೊಟ್ಟ.

ಥೂ! ಎರಡೆರಡು ಫೋನು ಮುಂದಿಟ್ಟುಕೊಂಡು ಈ ಶಾಣ್ಯಾರು ನಿಂತ ಚೆಂದವೇ!

ಕೂಸನ್ನು ಬಾಚಿ ಅಪ್ಪಿ ಮುತ್ತಿಟ್ಟೆ. ಆ ಗಂಟನ್ನು ಹಲ್ಲಿನಿಂದ ಹರಿದು, ಚೀಟಿ ಬಿಡಿಸಿ ಮಾಸ್ತರನ ಮೂಗಿಗೆ ಹಿಡಿದೆ.

“ಓದ್ರಿ, ಯಾವ ಮಂತ್ರ ಐತಿ?”

“ನಂಬರ್ ಐತಿ…”

“ಕೂಸು ಆಗಲೇ ಹೇಳಿತಲ್ಲ? ನಿಮ್ಮ ಕೈಯಾಗ ಕಲಿಯೋ ಹುಡುಗರನ್ನ ದೇವರೇ ಕಾಯಬೇಕ್ರೀ!”

ಬೂತಿನವನಿಗೆ ಆಗ ಧೈರ್ಯ ಬಂತು. “ಫೋನ್ ಹಚ್ಚಲೇನ್ ಯವ್ವಾ?”

“ಕೂಸು ಸಿಕ್ಕ ಮ್ಯಾಲೆ ಯಾರಿಗೆ ಹಚ್ತೀ? ನಿನ್ನ ಹಡದವ್ವಗ ಹಚ್ಚು. ಇಂಥಾ ಶಾಣ್ಯಾನ್ನ ಏನ್ ತಿಂದು ಹಡದಿ ಅಂತ ಕೇಳು!”

ಮಸ್ಕಿಯ ಮೇಲೆ ಹೋಗುವ ಸಿಂಧನೂರು ಬಸ್ಸು ಹತ್ತಿದೆವು. ಚೀಟಿಯ ಅಂಕಿಗಳನ್ನು ನಾನು ಒಂದೊಂದಾಗಿ ಓದಿದೆ, ನನ್ನ ಬಂಗಾರ ಹಾಡಿನ ಹಾಗೆ ಹೇಳಿದಳು. ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ಅವಳಿಗಷ್ಟೇ ಅಲ್ಲ, ಬಸ್ಸಿನವರಿಗೆಲ್ಲ ಅದು ಬಾಯಿಪಾಠ.

“ಇನ್ನ ನಮ್ಮನ್ಯಾಗ ಯಾರರ ಕಳದ್ರ ನಿನ್ನ ಅಳಿಯಗೇ ಫೋನ್ ಹಚ್ತೀನಿ ಬೇ ಯಕ್ಕಾ,” ಅಂದ ಹಿಂದಿನ ಸೀಟಿನ ಮುದುಕ.