ನೋಟ್ಸ್ ಮೇಷ್ಟ್ರು ಹಂಚಿದ ಪ್ರಬಂಧ

ಹೈಸ್ಕೂಲಿನ ಕೊನೇ ವರ್ಷಕ್ಕೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ನೋಟ್ಸ್ ಮೇಷ್ಟ್ರು. ಇಪ್ಪತ್ತಾರು ವರ್ಷ ಅದೇ ಕೊಠಡಿ, ಅದೇ ಕುಂಟು ಮೇಜು. ಪದ್ಯದ ಪಾಲಿಗೆ ಎರಡೇ ನಿಮಿಷ. ಮಿಕ್ಕ ಹೊತ್ತೆಲ್ಲ ಅವರು ಬರೆಸಬೇಕು, ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಬೇಕು. ಪಾಸಾಗುತ್ತಿದ್ದರಪ್ಪ, ಸುಳ್ಳೇಕೆ ಹೇಳಲಿ!

ಆ ವರ್ಷ 'ನಾನು ಬಲ್ಲ ಒಬ್ಬ ವ್ಯಕ್ತಿ' ಎಂಬ ಪ್ರಬಂಧ ಬರೆದು ತರಲು ಹೇಳಿದರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ, ಆಸ್ಪತ್ರೆಯ ಬಟ್ಟೆ ಒಗೆಯುವವಳ ಮಗಳು. ಇಂಗ್ಲಿಷ್ ವ್ಯಾಕರಣ ಅಷ್ಟಕ್ಕಷ್ಟೇ. ಅವಳು ಬರೆದಿದ್ದಳು: ಅಮ್ಮ ಕೆಲಸದಿಂದ ಬಂದವಳು ನನ್ನನ್ನು ಮುಟ್ಟುವ ಮುನ್ನ ತನ್ನ ಕೈ ತಾನೇ ಮೂಸಿ ನೋಡಿಕೊಳ್ಳುತ್ತಾಳೆ. ವಾಸನೆ ಇದ್ದರೆ ಮತ್ತೆ ತೊಳೆಯುತ್ತಾಳೆ. ಅಷ್ಟರಲ್ಲಿ ಎಷ್ಟೋ ಸಲ ನಾನು ನಿದ್ದೆ ಹೋಗಿರುತ್ತೇನೆ.

ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು. ಇಷ್ಟು ವರ್ಷದಲ್ಲಿ ಒಂದು ಮಗು ಸ್ವಂತ ಸಾಲು ಬರೆದದ್ದನ್ನು ಅವರು ಕಂಡಿದ್ದು ಅದೇ ಮೊದಲು. ಆಮೇಲೆ ಆ ಪುಣ್ಯಾತ್ಮ ಮಾಡಿದ್ದೇನು? ತಪ್ಪುಗಳನ್ನೆಲ್ಲ ತಿದ್ದಿ ತಮ್ಮ ನೋಟ್ಸಿಗೆ ಇಳಿಸಿಕೊಂಡು, ಅವಳ ಹಾಳೆಯನ್ನು ರದ್ದಿಗೆ ಹಾಕಿ, ಮಾರನೆಯ ದಿನ ಇಡೀ ತರಗತಿಗೆ ಬರೆಸಿದರು!

"ಹೀಗೆ ಬರೆದ್ರೆ ಇಪ್ಪತ್ತಕ್ಕೆ ಹದಿನೆಂಟು ಗ್ಯಾರಂಟಿ ಕಣ್ರೋ" ಎಂದರು. ಅವಳಿಗೆ ದೊಡ್ಡ ಮರ್ಯಾದೆ ಮಾಡಿದೆನೆಂದೇ ಅವರ ಭಾವನೆ. ಹುಡುಗಿಯೂ ತಲೆ ತಗ್ಗಿಸಿ ತನ್ನಮ್ಮನ ಕಥೆಯನ್ನು ಬೋರ್ಡು ನೋಡಿ ಬರೆದುಕೊಂಡಳು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಮೂವತ್ತೆಂಟು ಮಕ್ಕಳ ಅಮ್ಮಂದಿರು ಒಟ್ಟಿಗೆ ಕೈ ಮೂಸಿ ನೋಡಿಕೊಂಡರು. ಬ್ಯಾಂಕ್ ಮ್ಯಾನೇಜರ್ ಹೆಂಡತಿಯೂ ಮೂಸಿದಳು! ಉತ್ತರ ತಿದ್ದುವವರೇನು ಕಣ್ಣು ಮುಚ್ಚಿಕೊಂಡಿರುತ್ತಾರೆಯೇ? ನಕಲು ಎಂದು ಬರೆದು ಆ ಪ್ರಬಂಧಕ್ಕೆ ಎಲ್ಲರಿಗೂ ಸೊನ್ನೆ ಸುತ್ತಿದರು. ಉಳಿದವರು ಹೇಗೋ ದಡ ಸೇರಿದರು. ಅದೊಂದನ್ನೇ ನಂಬಿದ್ದ ಹುಡುಗಿ ಆರು ಅಂಕಕ್ಕೆ ಫೇಲಾದಳು, ಪಾಸಾದರೆ ಸಿಗಬೇಕಿದ್ದ ನರ್ಸಿಂಗ್ ಸೀಟು ಕೈತಪ್ಪಿತು.

ಮೇಷ್ಟ್ರು ತಪ್ಪೊಪ್ಪಿಗೆ ಬರೆದುಕೊಂಡು ಪರೀಕ್ಷಾ ಕಚೇರಿಗೆ ಓಡಿದರು. ಗುಮಾಸ್ತ ಓದಿ ನೋಡಿದ.

"ನಾನೇ ಬರೆಸಿದ್ದು ಅಂತ ನೀವೇ ಹೇಳ್ತಿದೀರಲ್ಲ ಸಾರ್. ನಕಲಿಗೆ ಇನ್ನೇನು ಸಾಕ್ಷಿ ಬೇಕು?"

"ಮೂಲ ಅವಳದ್ದು ಕಣಪ್ಪಾ."

"ಹಾಗಾದ್ರೆ ಅವಳು ಬರೆದ ಹಾಳೆ ಕೊಡಿ."

ಹಾಳೆ ಎಲ್ಲಿಂದ ತರುವುದು? ಮೇಷ್ಟ್ರು ತಪ್ಪೊಪ್ಪಿಗೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ವಾಪಸ್ಸಾದರು.

ಅಲ್ಲಿಂದ ನೆಟ್ಟಗೆ ಆಸ್ಪತ್ರೆಯ ಹಿತ್ತಲಿಗೆ ಹೋದರು. ಹುಡುಗಿ ಈಗ ಅಮ್ಮನ ಜೊತೆ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಇಬ್ಬರೂ ಒಂದೊಂದು ತುದಿ ಹಿಡಿದು ಬೆಡ್‌ಶೀಟು ಮಡಿಸುತ್ತಿದ್ದರು.

"ತಪ್ಪಾಯ್ತು ಕಣಮ್ಮಾ" ಎಂದರು ಮೇಷ್ಟ್ರು. "ಮತ್ತೆ ಪರೀಕ್ಷೆ ಕಟ್ಟು. ಈ ಸಲ ನಾನು ಒಂದಕ್ಷರ ಹೇಳಿಕೊಡೋದಿಲ್ಲ. ನಿನಗೆ ತೋಚಿದ್ದು ಬರಿ."

ಹುಡುಗಿ ಮಡಿಸಿದ್ದನ್ನು ರಾಶಿಯ ಮೇಲಿಟ್ಟಳು.

"ನನಗೇನೂ ತೋಚೋದಿಲ್ಲ ಸಾರ್. ನೀವೇ ಬರೆಸಿಬಿಡಿ, ಬಾಯಿಪಾಠ ಮಾಡ್ಕೋತೀನಿ."

"ಹೂಂ ಸಾರ್, ದೊಡ್ಡ ಮನಸ್ಸು ಮಾಡಿ" ಎಂದಳು ತಾಯಿ.

ಮೇಷ್ಟ್ರಿಗೆ ಅಲ್ಲೇ ಕೂತು ಅತ್ತುಬಿಡಬೇಕು ಎನ್ನಿಸಿತು. ಹುಡುಗಿ ಆಗಲೇ ಕೈ ಒರೆಸಿಕೊಂಡು, ಬಟ್ಟೆ ಲೆಕ್ಕದ ನೋಟ್‌ಬುಕ್ ಬಿಚ್ಚಿ, ಪೆನ್ನು ಹಿಡಿದು ಕಾಯುತ್ತಿದ್ದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬರೆಸತೊಡಗಿದರು.