ಪುಡಿಹಾಲಿನ ಕಾಗದ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕೊನೆಯ ವರ್ಷಗಳಲ್ಲಿ ನಾನು ಒಂದು ಪರಿಹಾರ ಸಮಿತಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೊರದೇಶದವರು ಹಡಗಿನಲ್ಲಿ ಕಳಿಸಿದ ಹಾಲಿನ ಪುಡಿ ಮದ್ರಾಸಿನಿಂದ ರೈಲಿನಲ್ಲಿ ಬರುತ್ತಿತ್ತು. ಅದನ್ನು ಸುತ್ತಲಿನ ಊರುಗಳ ಬಡ ಮಕ್ಕಳಿಗೆ ಮುಟ್ಟಿಸುವುದು ಸಮಿತಿಯ ಹೊಣೆ. ಯಾವ ಊರಿಗೆ ಯಾಕೆ ಬೇಕೆಂದು ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ಬಿ.ಎ. ಮುಗಿಸಿ ಸತ್ಯನಾರಾಯಣಪೇಟೆಯ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಪತ್ರ ಬರೆಯಲು ಯಾರ ಮುಂದೆಯೂ ನಿಲ್ಲಬೇಕಾಗಿಲ್ಲವೆಂದೇ ಈ ಕೆಲಸ ಒಪ್ಪಿಕೊಂಡಿದ್ದೆ.

ಆದರೆ ಕುರುಗೋಡಿಗೆ ಒಂದು ಸಲ ಹೋಗಲೇಬೇಕಾಯಿತು. ಹಾಲು ಕುಡಿಯುವ ಪ್ರತಿ ಮಗುವಿನ ಹೆಸರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದೊಂದು ಕಾಗದ ಬಂದಿತ್ತು. ಅದರ ಕೆಳಗೆ ಮನೆಯ ಹಿರಿಯರ ಹೆಬ್ಬೆಟ್ಟು ಬೇಕು. ಸಾಲೆಯ ಜಗುಲಿಯ ಮೇಲೆ ನಲವತ್ತು ಹೆಂಗಸರು ಕೂತಿದ್ದರು. ಅಷ್ಟು ಜನರ ಮುಂದೆ ಮಾತಾಡಲು ನನಗೆ ಸಂಕೋಚ. ಕಾಗದದಲ್ಲಿ ಏನಿದೆ ಎಂದು ನಾನು ಓದಿ ಹೇಳಲಿಲ್ಲ. "ಹಾಲಿನ ಕಾಗದ, ಇಲ್ಲಿ ಒತ್ತಿ" ಎಂದಷ್ಟೇ ಹೇಳಿ, ಒಬ್ಬೊಬ್ಬರ ಬೆರಳು ಹಿಡಿದು ಮಸಿಗೆ ಅದ್ದಿಸಿ ಒತ್ತಿಸಿದೆ. ಒಂದು ಗಂಟೆಯೊಳಗೆ ಮುಗಿಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಸಮಾಧಾನವೇ ಆಗಿತ್ತು.

ಹೆದರಿಕೆ ಸುರುವಾದದ್ದು ಸಿರುಗುಪ್ಪದ ಸುದ್ದಿ ಬಂದ ಮೇಲೆ. ಪುಡಿ ಕಳಿಸುವ ಸಂಸ್ಥೆಯಿಂದ ಒಬ್ಬ ದೊರೆಸಾನಿ ತಪಾಸಣೆಗೆ ಬಂದಿದ್ದರು. ಸಿರುಗುಪ್ಪದಲ್ಲಿ ಮಕ್ಕಳು ಒಳ್ಳೆಯ ಬಟ್ಟೆ ತೊಟ್ಟು, ಬೆಳ್ಳಿ ಹಾಕಿಕೊಂಡು ಕೂತಿದ್ದನ್ನು ನೋಡಿ, ಇವರಿಗೆ ನಮ್ಮ ಹಾಲು ಬೇಕಿಲ್ಲ ಎಂದು ಆ ಊರಿನ ಹೆಸರು ಹೊಡೆದುಹಾಕಿದರಂತೆ. ಪುಡಿಯ ಡ್ರಮ್ಮುಗಳು ಅದೇ ದಿನ ಲಾರಿಯಲ್ಲಿ ಬಳ್ಳಾರಿಗೆ ವಾಪಸು ಬಂದವು. ಅಲ್ಲಿನ ಬಡಮಕ್ಕಳಿಗೆ ಬೆಳ್ಳಿ ಎಲ್ಲಿಂದ ಬಂತೆಂದು ಸಮಿತಿಯಲ್ಲಿ ಯಾರಿಗೂ ತಿಳಿಯಲಿಲ್ಲ. "ಬುಧವಾರ ಕುರುಗೋಡು. ಆಕೆಯ ಮಾತು ಕನ್ನಡದಲ್ಲಿ ಹೇಳಲು ನೀನೇ ಹೋಗಬೇಕಮ್ಮ" ಎಂದರು ಕಾರ್ಯದರ್ಶಿ.

ಕುರುಗೋಡಿನಲ್ಲಿ ಕಲ್ಲು ಒಡೆಯುವ ಮುದುಕಿಯೊಬ್ಬಳ ಮೊಮ್ಮಗಳಿದ್ದಳು. ಹೆತ್ತ ತಾಯಿ ಇರಲಿಲ್ಲ. ತಂದೆ ಅಣೆಕಟ್ಟಿನ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಎರಡೂವರೆ ವರ್ಷವಾಗಿದ್ದರೂ ಮಗು ನಡೆಯುತ್ತಿರಲಿಲ್ಲ. ಹಾಲು ಸುರುವಾದ ಮೇಲೆ ಗೋಡೆ ಹಿಡಿದು ನಿಲ್ಲುತ್ತಿದೆ ಎಂದು ಸಾಲೆಯ ಮೇಷ್ಟ್ರು ಬರೆದಿದ್ದರು. ಆ ಸಾಲನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದೆ. ಹಾಲು ನಿಂತರೆ ಆ ಮಗು ಮತ್ತೆ ಕೂತುಬಿಡುತ್ತದೆ ಎಂಬುದೊಂದೇ ಬುಧವಾರದವರೆಗಿನ ಮೂರು ದಿನ ನನ್ನ ತಲೆಯಲ್ಲಿತ್ತು. ನನ್ನ ಇಂಗ್ಲಿಷು ಪುಸ್ತಕದ್ದು. ಅದನ್ನು ಆಡಿ ಅಭ್ಯಾಸವಿರಲಿಲ್ಲ.

ಬುಧವಾರ ಕಾರಿನಲ್ಲಿ ದೊರೆಸಾನಿಯ ಪಕ್ಕದಲ್ಲಿ ಕೂತು ಹೋದೆ. ಆಕೆ ನನ್ನ ತಾಯಿಯ ವಯಸ್ಸಿನವರು, ಬಿಸಿಲಿಗೆ ಕೆಂಪಾಗಿದ್ದರು, ಕೆಟ್ಟವರಲ್ಲ. ಮಡಿಲಲ್ಲಿ ಚರ್ಮದ ಚೀಲ, ಅದರಲ್ಲಿ ನಾನು ಒತ್ತಿಸಿದ ಕಾಗದಗಳ ಕಟ್ಟು.

ಸಾಲೆಯ ಜಗುಲಿ ನೋಡಿದ ಕೂಡಲೇ ನನಗೆ ಸಿರುಗುಪ್ಪ ನೆನಪಾಯಿತು. ಮಕ್ಕಳೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡಿದ್ದರು. ಜರಿ ಕುಲಾವಿ, ಬೆಳ್ಳಿ ಉಡಿದಾರ, ಕಾಲ್ಗಡಗ. ದೊರೆಸಾನಿ ಸಾಲಿನ ಈ ತುದಿಯಿಂದ ಒಂದೊಂದೇ ಮಗುವನ್ನು ನೋಡುತ್ತ ನಡೆದರು. ಅವರು ದಾಟಿ ಹೋದ ಮೇಲೆ ಮಗುವಿನ ತಲೆಯ ಕುಲಾವಿ ಹೆಂಗಸರ ಬೆನ್ನ ಹಿಂದಿನಿಂದ ಮುಂದೆ ಕೂತ ಇನ್ನೊಂದು ಮಗುವಿಗೆ ಹೋಗುತ್ತಿತ್ತು. ಅದೇ ಹಸಿರು ಕುಲಾವಿಯನ್ನು ನಾನು ಮೂರು ತಲೆಗಳ ಮೇಲೆ ನೋಡಿದೆ. ಕಾಲ್ಗಡಗವೂ ಹಾಗೇ. ದೊರೆಸಾನಿಗೆ ಅದು ಕಾಣಲಿಲ್ಲ.

"ಸಿರುಗುಪ್ಪದ ಹಾಗೆಯೇ" ಎಂದರು ಅವರು ಇಂಗ್ಲಿಷಿನಲ್ಲಿ, ಪೆನ್ನಿನ ಮುಚ್ಚಳ ತೆಗೆಯುತ್ತ. "ಇದಕ್ಕಿಂತ ಕಷ್ಟದ ಊರುಗಳು ನನಗಾಗಿ ಕಾಯುತ್ತಿವೆ."

ನಾನು ಹೇಳಿದೆ. ಬೆಳ್ಳಿ ಇವರದಲ್ಲ, ಎರವಲು ತಂದದ್ದು. ಬಟ್ಟೆಯ ಒಳಗೆ ನೋಡಿ ಎಂದೆ. ಹೆಂಗಸರಿಗೆ ಇಂಗ್ಲಿಷು ಬಾರದು ಎಂಬ ಧೈರ್ಯ ನನಗಿತ್ತು. ಅವರ ಮಾನವನ್ನು ಅವರ ಎದುರಿಗೇ ತೆಗೆಯುತ್ತಿದ್ದೇನೆ ಎಂದು ಗೊತ್ತಿದ್ದೂ ಹೇಳಿದೆ.

"ಹಾಗಾದರೆ ಒಂದು ಮಗುವಿನ ಅಂಗಿ ತೆಗೆಸಿ" ಎಂದು ದೊರೆಸಾನಿ ಆ ಮುದುಕಿಯ ಮೊಮ್ಮಗಳ ಕಡೆ ಕೈ ಮಾಡಿದರು.

ನಾನು ಮುದುಕಿಗೆ ಹೇಳಿದೆ. ಆಕೆ ಮಗುವನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದಳು.

"ಈಗ ಒಯ್ತಾಳೇನ್ರಿ ಅಕ್ಕಾರ?"

"ಯಾರು? ಎಲ್ಲಿಗೆ?"

"ಸುಮ್ನ ಕೇಳಬ್ಯಾಡ್ರಿ. ನೀವs ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರಿ. ತಾಯಿ ತಂದಿ ಇಲ್ಲದ ಕೂಸು, ಬಡಕಲು ಕೂಸು ಕಂಡ್ರ ಕಾರಿನಾಗ ಹಾಕ್ಕೊಂಡು ಹಡಗು ಹತ್ತಿಸ್ತಾರಂತ. ಸಿರುಗುಪ್ಪದಾಗ ಎಲ್ಲಾರು ಬೆಳ್ಳಿ ಹಾಕಿ ಕುಂದ್ರಿಸ್ಯಾರ, ಒಂದ್ ಕೂಸೂ ಒಯ್ಲಿಲ್ಲಂತ."

ಪಕ್ಕದ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. "ಒಯ್ದು ಏನ್ ಮಾಡ್ತಾಳ ತಗೀ ಯಮ್ಮಾ. ನಿನ್ ಮೊಮ್ಮಗಳು ರಾತ್ರಿಯೆಲ್ಲಾ ಅಳತೈತಿ. ನಾಕs ದಿನಕ್ಕ ತಂದು ಬಿಟ್ಟು ಹೋಗ್ತಾಳ."

"ನಿನ್ನ ಕೂಸು ಕೊಟ್ಟು ನೋಡು ಮೊದಲ" ಎಂದಳು ಮುದುಕಿ. ಆ ಹೆಂಗಸಿನ ನಗು ನಿಂತಿತು. ಆಕೆಯ ಕೈಯೂ ತನ್ನ ಮಗುವಿನ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ಸಿರುಗುಪ್ಪದ ಡ್ರಮ್ಮುಗಳು ಲಾರಿ ಹತ್ತಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಅಲ್ಲಿಯೂ ಯಾರೋ ನನ್ನ ಹಾಗೆಯೇ ಓದಿ ಹೇಳದೆ ಒತ್ತಿಸಿಕೊಂಡಿರಬೇಕು. ಜಗುಲಿಯ ಮೇಲಿನ ನಲವತ್ತು ಹೆಂಗಸರು ಇಷ್ಟು ದಿನ ಮಕ್ಕಳನ್ನು ಬರೆದುಕೊಟ್ಟುಬಿಟ್ಟೆವೆಂಬ ಭಯದಲ್ಲಿ ಮಲಗಿ ಎದ್ದಿದ್ದರು, ಆದರೂ ಹಾಲಿಗೆ ಕಳಿಸುತ್ತಲೇ ಇದ್ದರು.

ದೊರೆಸಾನಿಯನ್ನು ಕಾಗದಗಳ ಕಟ್ಟು ಕೇಳಿದೆ. ಗಡಿಯಾರ ನೋಡಿಕೊಂಡು ಕೊಟ್ಟರು. ನಾನು ನಿಂತು, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಮಗು ಹಾಲನ್ನು ಇಲ್ಲೇ ಕುಡಿಯಬೇಕು. ಪುಡಿಯನ್ನು ಮಾರಬಾರದು. ಮಗು ಬೇರೆ ಊರಿಗೆ ಹೋದರೆ ತಿಳಿಸಬೇಕು. ಅಷ್ಟೇ. ತೆಲುಗು ಮಾತ್ರ ಬಲ್ಲ ಇಬ್ಬರಿಗೆ ಮೇಷ್ಟ್ರು ತೆಲುಗಿನಲ್ಲಿ ಹೇಳಿದರು. ಹೆಂಗಸರು ನಂಬಿದರೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

"ನನ್ನ ಕಾಗದ ನನಗ ಕೊಡ್ರಿ" ಎಂದಳು ಮುದುಕಿ. "ಅದು ನನ್ನ ಕೈಗೆ ಬಂದ್ರ ಅಂಗಿ ಬಿಚ್ಚತೀನಿ."

ಅದನ್ನು ದೊರೆಸಾನಿಗೆ ಹೇಳಿದೆ. ಕಾಗದವಿಲ್ಲದ ಮಗುವಿಗೆ ಹಾಲಿಲ್ಲ, ಅದು ನಿಯಮ ಎಂದರು. ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ಕಟ್ಟಿನಿಂದ ಆ ಕಾಗದ ಹುಡುಕಿ ತೆಗೆದು ಮುದುಕಿಯ ಕೈಗೆ ಕೊಟ್ಟೆ. ದೊರೆಸಾನಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮುದುಕಿ ತನ್ನ ಬೆರಳ ಗುರುತನ್ನು ತಿರುಗಿಸಿ ಮುರುಗಿಸಿ ನೋಡಿ, ಕಾಗದ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆಮೇಲೆ ಮೊಮ್ಮಗಳ ಕುಲಾವಿ ತೆಗೆದಳು, ಅಂಗಿ ತೆಗೆದಳು. ಎಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಹೊಟ್ಟೆ ಮಾತ್ರ ಉಬ್ಬಿತ್ತು. ಒಬ್ಬೊಬ್ಬರಾಗಿ ಉಳಿದವರೂ ತಮ್ಮ ಮಕ್ಕಳ ಬೆಳ್ಳಿ ಬಿಚ್ಚತೊಡಗಿದರು. ದೊರೆಸಾನಿ ಜಗುಲಿಯ ಅಂಚಿನ ಮೇಲೆ ಕೂತುಬಿಟ್ಟರು. ಪೆನ್ನಿನ ಮುಚ್ಚಳ ಹಾಕಿ, ಕುರುಗೋಡು ಪಟ್ಟಿಯಲ್ಲಿ ಇರಲಿ ಎಂದರು. ಸಿರುಗುಪ್ಪಕ್ಕೆ ಮತ್ತೊಮ್ಮೆ ಹೋಗುತ್ತೇನೆ ಎಂದೂ ಹೇಳಿದರು.

ಹೊರಡುವ ಮುಂಚೆ ಮುದುಕಿಯ ಹೊಸ ಹೆಬ್ಬೆಟ್ಟು ಕೇಳಿದರು. ಮುದುಕಿ ಒಲ್ಲೆನೆಂದು ತಲೆಯಾಡಿಸಿದಳು. "ಒಂದ್ ಸಲ ಒತ್ತಿದ್ದು ಸಾಕು. ಕೊಡೋದಿದ್ರ ಕೊಡ್ರಿ, ಇಲ್ಲಂದ್ರ ಬಿಡ್ರಿ."

"ಏನಂದಳು?"

"ಮುಂದಿನ ವಾರ ಒತ್ತುತ್ತಾಳಂತೆ" ಎಂದೆ.

ಮುಂದಿನ ವಾರವೂ ಆಕೆ ಒತ್ತಲಿಲ್ಲ. ನಾನೇ ಹೋಗಿ ಕೇಳಿದೆ, ಮತ್ತೆ ಓದಿ ಹೇಳಿದೆ. ಮಗುವನ್ನು ಕರೆತಂದಿದ್ದಳು, ಬೆರಳು ಮಾತ್ರ ಕೊಡಲಿಲ್ಲ. ಶನಿವಾರದೊಳಗೆ ಕಾಗದಗಳೆಲ್ಲ ಮದ್ರಾಸಿಗೆ ಹೋಗಬೇಕಿತ್ತು. ಕಚೇರಿಯಲ್ಲಿ ಕಾರ್ಯದರ್ಶಿ ಊಟಕ್ಕೆ ಹೋದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಆ ಮಗುವಿನ ಹೊಸ ಕಾಗದದ ಕೆಳಗೆ ನನ್ನ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದೆ. ಮೊದಲ ಸಲ ಮಸಿ ಹರಡಿತು. ಇನ್ನೊಂದು ಕಾಗದ ತೆಗೆದು ಮತ್ತೆ ಒತ್ತಿದೆ.

ಬೆರಳು ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಮಸಿ ಉಳಿಯಿತು. ನಾಲ್ಕು ದಿನ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಾಡಿದೆ. ಮದ್ರಾಸಿನ ಅಂಚೆ ಬಂದಾಗಲೆಲ್ಲ ಲಕೋಟೆ ಒಡೆಯುವ ಮೊದಲು ಕೂತುಕೊಳ್ಳುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಡ್ರಮ್ಮುಗಳು ಬರುತ್ತಲೇ ಇದ್ದವು. ಅಂಥ ಕಾಗದ ಮತ್ತೆರಡು ಸಲ ಬಂದಿತು, ಎರಡು ಸಲವೂ ಆ ಮಗುವಿಗೆ ಹಿರಿಯಳಾಗಿ ನಾನೇ ಒತ್ತಿದೆ.